ಅರ್ಧ ಹೋದ ಕರೆಂಟು

ನೋಡು ಮಗಳೇ, ನಿನ್ನ ಮಳೆಮಾಪಕದ ಲೆಕ್ಕದಲ್ಲಿ ಮೊನ್ನೆ ಬುಧವಾರ ರಾತ್ರಿ ನಮ್ಮ ಕದ್ರಿಗೆ ಹದಿಮೂರು ಮೀಟರ್ ಮಳೆ ಬಿದ್ದಿದೆ. ಬಕೆಟ್ ಮಗುಚಿದ್ದು 65535 ಸಲ, ಸಲಕ್ಕೆ 0.2 ಮಿಲಿಮೀಟರ್, ಗುಣಿಸಿದರೆ 13,107 ಮಿಲಿಮೀಟರ್. ಮಂಗಳೂರಿಗೆ ಇಡೀ ವರ್ಷಕ್ಕೆ ಬೀಳುವುದೇ ಮೂರೂವರೆ ಸಾವಿರದ ಆಸುಪಾಸು. ಅದರ ಪಕ್ಕದಲ್ಲಿ ಉಷ್ಣತೆ 85 ಡಿಗ್ರಿ ಅಂತ ಬೇರೆ ತೋರಿಸುತ್ತಿದೆ. ಆಟಿಯ ಮಳೆಯಲ್ಲಿ 85 ಡಿಗ್ರಿ! ಇನ್ನು ಹದಿನೈದು ಏರಿದ್ದರೆ ಮಂಜುನಾಥ ದೇವಸ್ಥಾನದ ಕೆರೆಗಳೆಲ್ಲ ಕುದಿಯುತ್ತಿದ್ದವು.

ಬೆಳಿಗ್ಗೆ ನೀನು ಬೋರ್ಡನ್ನು ನಮ್ಮ ಜಗಲಿಯ ಮೇಲಿಟ್ಟು, “ಅಜ್ಜಾ, ಮೆಮೊರಿ ಚಿಪ್ ಸುಟ್ಟುಹೋಯಿತು, ಹಂಪನಕಟ್ಟೆಯಿಂದ ಹೊಸತು ತರುತ್ತೇನೆ” ಅಂತ ಕೂಗಿ ಹೇಳಿ ಕೆಪಿಟಿ ಕಾಲೇಜಿನ ಕಡೆ ಓಡಿದೆ. ಸ್ವಲ್ಪ ನಿಲ್ಲು ಮಾರಾಯ್ತಿ. ಚಿಪ್ ಸುಟ್ಟಿಲ್ಲ. ಸಂಜೆ ಕೂತು ಅದನ್ನು ಕ್ರಮದಲ್ಲಿ ಎಬ್ಬಿಸಿ ಓದಿದೆ. ಒಳಗೆ ನಿನ್ನ 412 ಹಾಗೇ ಕೂತಿದೆ. ಅಂದರೆ 82.4 ಮಿಲಿಮೀಟರ್, ಆಟಿಗೆ ತಕ್ಕ ಮಳೆ. ‘65535 ಮುಟ್ಟಿದ ಮೇಲೆ ಎಣಿಸಬೇಡ, ಬರೆಯಬೇಡ’ ಅಂತ ಒಂದು ಸಾಲು ಹಾಕಿದ್ದೀ ನೋಡು, ಅದು ನಿನ್ನನ್ನು ಉಳಿಸಿತು. ಇಲ್ಲದಿದ್ದರೆ ಮುಂದಿನ ಬಕೆಟಿಗೆ ಲೆಕ್ಕ ಸೊನ್ನೆಗೆ ತಿರುಗಿ, ಆ ಸೊನ್ನೆ 412ರ ಮೇಲೆ ಕೂರುತ್ತಿತ್ತು.

ಬಾಯಲ್ಲಿ ಹೇಳಿದರೆ ನೀನು ಮೊಬೈಲ್ ನೋಡುತ್ತಾ “ಹೂಂ ಅಜ್ಜಾ, ಹೂಂ ಅಜ್ಜಾ” ಅನ್ನುತ್ತೀ. ಅದಕ್ಕೆ ಬರೆದೇ ಇಡುತ್ತಿದ್ದೇನೆ.

ಆ ರಾತ್ರಿ ಏನಾಯಿತು ನೆನಪು ಮಾಡಿಕೊ. ಒಂಬತ್ತೂವರೆಯ ಹೊತ್ತಿಗೆ ಗಾಳಿ ಬೀಸಿತು, ಎಲ್ಲೋ ತೆಂಗಿನ ಮಡಲು ತಂತಿಗೆ ತಾಗಿರಬೇಕು, ಟ್ಯೂಬ್‌ಲೈಟ್ ಮೂರು ಸಲ ಕಣ್ಣು ಮಿಟುಕಿಸಿತು. ಕರೆಂಟು ಹೋಗಲಿಲ್ಲ. ನಿನ್ನಮ್ಮ “ಸದ್ಯ, ಹೋಗಲಿಲ್ಲ” ಅಂದದ್ದು ನಮ್ಮ ಅಂಗಳಕ್ಕೂ ಕೇಳಿಸಿತು. ನಾನು ಹೇಳುವುದು ಅಲ್ಲೇ ಶುರುವಾಗುತ್ತದೆ. ಪೂರ್ತಿ ಹೋದ ಕರೆಂಟಿನಿಂದ ಇಂಥ ಚಿಪ್‌ಗಳಿಗೆ ತೊಂದರೆ ಕಡಿಮೆ. ಅರ್ಧ ಹೋಗಿ ಬಂದ ಕರೆಂಟು ಇದೆಯಲ್ಲ, ಕೆಡಿಸುವುದು ಅದು.

ನೀನು ಹಾಕಿದ ಚಿಪ್‌ಗೆ ಮೂರೇ ಕಾಲು. ಒಂದು ಕರೆಂಟಿಗೆ, ಒಂದು ನೆಲಕ್ಕೆ, ಒಂದು ಮಾತಿಗೆ. ಬೇರೆ ಕೆಲವು ಜಾತಿಯ ಮೆಮೊರಿಗಳಿಗೆ ಗಡಿಯಾರದ ತಂತಿ ಬೇರೆ, ಹೆಸರು ಹಿಡಿದು ಕರೆಯುವ ತಂತಿ ಬೇರೆ ಇರುತ್ತದೆ. ತಾಳ ತಪ್ಪಿದರೆ ಆ ತಂತಿಯನ್ನು ಒಮ್ಮೆ ಅಲುಗಿಸಿ ‘ಮೊದಲಿಂದ ಶುರು’ ಅನ್ನಬಹುದು. ಇಲ್ಲಿ ಆ ಸೌಕರ್ಯ ಇಲ್ಲ. ಮಾತು, ತಾಳ, ಎಬ್ಬಿಸುವುದು, ಸುಮ್ಮನಾಗಿಸುವುದು ಎಲ್ಲ ಒಂದೇ ತಂತಿಯಲ್ಲಿ ಆಗಬೇಕು. ತಂತಿಯ ವೋಲ್ಟೇಜ್ ಮೇಲಿತ್ತೋ ಕೆಳಗಿತ್ತೋ, ಎಷ್ಟು ಹೊತ್ತು ಇತ್ತು ಎನ್ನುವುದರಲ್ಲೇ ಅರ್ಥ. ಹಾಗಾಗಿ ಬೇರೆ ಕಡೆ ಒಂದು ನೂರು ಮೈಕ್ರೊಸೆಕೆಂಡ್ ಆಚೀಚೆ ಆದರೆ ನಡೆದೀತು, ಇಲ್ಲಿ ನಡೆಯುವುದಿಲ್ಲ.

ಇನ್ನೊಂದು. ‘ಒಂದೇ ತಂತಿ’ ಅಂದ ಮಾತ್ರಕ್ಕೆ ಎಲ್ಲ ಒಂದೇ ಭಾಷೆ ಅಂತ ತಿಳಿಯಬೇಡ. ನಿನ್ನ ಬೋರ್ಡಿನಲ್ಲೇ ಎರಡು ಬೇರೆ ಬೇರೆ ಮನೆತನದವು ಕೂತಿವೆ. ಉಷ್ಣತೆಯ ಡಿಎಸ್18ಬಿ20 ಡಲ್ಲಾಸ್ ಸೆಮಿಕಂಡಕ್ಟರ್ ಹುಟ್ಟಿಸಿದ ‘ಒನ್-ವೈರ್’ ಸಂತಾನ. ಆ ಕಂಪನಿಯನ್ನು 2001ರಲ್ಲಿ ಮ್ಯಾಕ್ಸಿಮ್ ಕೊಂಡಿತು, ಮ್ಯಾಕ್ಸಿಮನ್ನು 2021ರಲ್ಲಿ ಅನಲಾಗ್ ಡಿವೈಸಸ್ ಕೊಂಡಿತು. ನಿನ್ನ ಮೆಮೊರಿ 11ಎಲ್‌ಸಿ010 ಮೈಕ್ರೊಚಿಪ್ ಕಂಪನಿಯ ‘ಯುನಿ-ಓ’ ಮನೆಯದು. ಇವೆರಡರ ಸ್ವಭಾವ ತದ್ವಿರುದ್ಧ. ಒನ್-ವೈರಿನವನನ್ನು ಎಬ್ಬಿಸಬೇಕಾದರೆ ತಂತಿಯನ್ನು ಕನಿಷ್ಠ 480 ಮೈಕ್ರೊಸೆಕೆಂಡ್ ಕೆಳಗೆ ಒತ್ತಿ ಹಿಡಿದು ಬಿಡಬೇಕು. ಆಗ ಅವನು 15ರಿಂದ 60 ಮೈಕ್ರೊಸೆಕೆಂಡ್ ತಡೆದು, ತಾನೇ ತಂತಿಯನ್ನು 60ರಿಂದ 240 ಮೈಕ್ರೊಸೆಕೆಂಡ್ ಎಳೆದು “ಇದ್ದೇನೆ” ಅನ್ನುತ್ತಾನೆ. ಯುನಿ-ಓದವನಿಗೆ ಬೇಕಾದದ್ದು ಇದರ ತಿರುವು: ತಂತಿ ಕೆಳಗಿಂದ ಮೇಲಕ್ಕೆ ಒಂದು ಸಲ ಏರಬೇಕು, ಏರಿದ ಮೇಲೆ 600 ಮೈಕ್ರೊಸೆಕೆಂಡ್ ಅಲುಗದೆ ಮೇಲೆಯೇ ಇರಬೇಕು. ಆಮೇಲೆ ಸ್ವಲ್ಪ ಕೆಳಗೆ ಇಳಿಸಿ, ಹೆಕ್ಸ್ 55 ಕಳಿಸಬೇಕು.

ಈ 55 ಯಾಕೆ ಅಂತ ಕೇಳಿದ್ದೆಯಲ್ಲ ಮೊನ್ನೆ. ಬಿಡಿಸಿ ಬರೆದರೆ 01010101. ಅದರಲ್ಲಿ ವಿಷಯ ಏನೂ ಇಲ್ಲ, ಬರೀ ತಾಳ. ಭಾಗವತರು ಜಾಗಟೆಯಲ್ಲಿ ಕಾಲ ತೋರಿಸಿದ ಮೇಲೆ ಚೆಂಡೆಯವ ಅದೇ ಕಾಲದಲ್ಲಿ ಹೋಗುತ್ತಾನಲ್ಲ, ಹಾಗೆ. ಸೆಕೆಂಡಿಗೆ ಹತ್ತು ಸಾವಿರ ಬಿಟ್ಟಿನಿಂದ ಒಂದು ಲಕ್ಷದವರೆಗೆ ನೀನು ಯಾವ ಕಾಲ ಹಿಡಿದರೂ ಚಿಪ್ ಈ 55 ಕೇಳಿ ಅದಕ್ಕೆ ಹೊಂದಿಕೊಳ್ಳುತ್ತದೆ. ಆದರೆ ಕೇಳುವುದಕ್ಕೆ ಅದು ಎಚ್ಚರ ಇರಬೇಕು. ಕರೆಂಟು ಬಂದ ಕೂಡಲೇ ಈ ಚಿಪ್ ಎಚ್ಚರ ಇರುವುದಿಲ್ಲ. ಗಾಢ ನಿದ್ದೆಯಲ್ಲೇ ಹುಟ್ಟುತ್ತದೆ. ಬರೆಯುವ ಅನುಮತಿ ಮುಚ್ಚಿರುತ್ತದೆ, ಒಳಗಿನ ವಿಳಾಸದ ಮುಳ್ಳು ಎಲ್ಲಿ ನಿಂತಿದೆ ಅಂತ ಗ್ಯಾರಂಟಿ ಇಲ್ಲ. ಇದೆಲ್ಲ ಅದರ ಡೇಟಾಶೀಟಿನಲ್ಲೇ ಬರೆದಿದ್ದಾರೆ. ನೀನು ಓದಿದ್ದು ಕಾಲುಗಳ ಚಿತ್ರ ಇರುವ ಮೊದಲ ಪುಟ ಮಾತ್ರ, ನನಗೆ ಗೊತ್ತು. ನಾನೂ ನಿನ್ನ ಪ್ರಾಯದಲ್ಲಿ ಅಷ್ಟೇ ಓದುತ್ತಿದ್ದೆ.

ನಿನ್ನ ಪ್ರಾಯದಲ್ಲಿ ಅಂದೆನಲ್ಲ. 1976ರಲ್ಲಿ ಕದ್ರಿ ಗುಡ್ಡೆಯ ಮೇಲೆ ಆಕಾಶವಾಣಿ ಶುರುವಾದಾಗ ನಾನು ರೇಡಿಯೊ ರಿಪೇರಿ ಕಲಿಯುತ್ತಿದ್ದೆ. ಆಗಲೂ ಎಷ್ಟೋ ಮನೆಗಳಲ್ಲಿ ವಾಲ್ವ್ ಸೆಟ್ಟು. ಸ್ವಿಚ್ ಹಾಕಿದರೆ ಕೂಡಲೇ ಹಾಡುವುದಿಲ್ಲ. ವಾಲ್ವ್ ಕೆಂಪಗೆ ಕಾಯಬೇಕು, ಆಮೇಲೆ ಗೊಯ್ಯೆಂದು ಶುರು. ವಾರ್ತೆಗೆ ಒಂದು ನಿಮಿಷ ಮೊದಲೇ ಸ್ವಿಚ್ ಹಾಕಿ ಕೂರುತ್ತಿದ್ದರು. ಕರೆಂಟು ಬಂದದ್ದು ಬೇರೆ, ಯಂತ್ರ ಸಿದ್ಧವಾದದ್ದು ಬೇರೆ ಅಂತ ಆಗ ಮಕ್ಕಳಿಗೂ ಗೊತ್ತಿತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ ಆ ಎರಡರ ನಡುವಿನ ಅಂತರ ಕಣ್ಣಿಗೆ ಕಾಣದಷ್ಟು ಸಣ್ಣದಾಯಿತು. ಇಲ್ಲವಾಗಲಿಲ್ಲ.

ಈಗ ನಿನ್ನ ಬೋರ್ಡಿಗೆ ಬರುತ್ತೇನೆ. ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಕರೆಂಟು ಹೋಗುವ ಗಳಿಗೆಯಲ್ಲಿ ಬರೆಯುತ್ತಿದ್ದರೆ ಬರಹ ತುಂಡಾಗಬಾರದು ಅಂತ 470 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿಸಿದವನು ನಾನೇ. ಲೆಕ್ಕ ಸರಿಯೇ ಇತ್ತು: ಬೋರ್ಡು 20 ಮಿಲಿಆಂಪಿಯರ್ ಎಳೆಯುತ್ತದೆ, ಬರೆಯಲು ಹೆಚ್ಚೆಂದರೆ 5 ಮಿಲಿಸೆಕೆಂಡ್ ಬೇಕು, ಎರಡರಷ್ಟು ಹಿಡಿದರೂ ವೋಲ್ಟೇಜ್ ಇಳಿಯುವುದು ಅರ್ಧ ವೋಲ್ಟಿಗಿಂತ ಕಡಿಮೆ. ಆದರೆ ಅದೇ ಕೆಪಾಸಿಟರ್ ಬುಧವಾರ ಏನು ಮಾಡಿತು? ಟ್ಯೂಬ್‌ಲೈಟ್ ಮಿಟುಕಿಸಿದ್ದು 50 ಹರ್ಟ್ಸಿನ ಎರಡು ಸುತ್ತಿನಷ್ಟು ಅಂತ ಇಟ್ಟುಕೊ, 40 ಮಿಲಿಸೆಕೆಂಡ್. ಅಷ್ಟರಲ್ಲಿ 5 ವೋಲ್ಟ್ ಇಳಿದು 3.3ರ ಹತ್ತಿರ ಬರುತ್ತದೆ, ಅಷ್ಟರಲ್ಲಿ ಮತ್ತೆ ಕರೆಂಟು. ನಿನ್ನ ಪ್ರೊಸೆಸರಿಗೆ 4.3 ವೋಲ್ಟಿನ ಗಡಿ ಹಾಕಿದ್ದೀ, ಒಳ್ಳೆಯದೇ. ಅದು ಗಡಿ ದಾಟಿದ ಕೂಡಲೇ ಮಲಗಿತು, ಕರೆಂಟು ಬಂದ ಮೇಲೆ ಎಲ್ಲ ಮರೆತು ಹೊಸದಾಗಿ ಎದ್ದಿತು. ಮೆಮೊರಿ ಚಿಪ್ ಮಾತ್ರ 2.5 ವೋಲ್ಟಿನವರೆಗೂ ಕೆಲಸ ಮಾಡುವ ಗಟ್ಟಿಗ. ಅದು ಮಲಗಲೇ ಇಲ್ಲ. ಅರ್ಧ ಹೇಳಿ ನಿಲ್ಲಿಸಿದ ಮಾತಿನ ಉಳಿದರ್ಧಕ್ಕೆ ಕಿವಿ ಕೊಟ್ಟು ಕೂತಿತ್ತು.

ಎದ್ದ ಪ್ರೊಸೆಸರ್ “ನಮಸ್ಕಾರ” ಅಂದರೆ, ಮೆಮೊರಿ ಚಿಪ್‌ಗೆ ಅದು ಹಳೆಯ ವಾಕ್ಯದ ಬಾಲ. ನೀನು 600 ಮೈಕ್ರೊಸೆಕೆಂಡ್ ಸುಮ್ಮನಿದ್ದಿದ್ದರೆ ಚಿಪ್ ಹಳೆಯ ಮಾತು ಬಿಟ್ಟು ಹೊಸ ಮಾತಿಗೆ ತಯಾರಾಗುತ್ತಿತ್ತು. ಸುಮ್ಮನಿರುವ ಆ ಸಾಲು ನಿನ್ನ ಪ್ರೋಗ್ರಾಮಿನಲ್ಲಿ ಇಲ್ಲ. ಮೇಜಿನ ಮೇಲೆ ಇಷ್ಟು ದಿನ ನಡೆದದ್ದು ಹೇಗೆ ಅಂದರೆ, ಪ್ರೊಸೆಸರ್ ಏಳುವಾಗಿನ ತಡದಲ್ಲಿ ತಂತಿ ತನ್ನಷ್ಟಕ್ಕೆ ಮೇಲೆ ಹೋಗಿ ನಿಲ್ಲುತ್ತಿತ್ತು. ಅದೃಷ್ಟ. ಬುಧವಾರದ ಥಂಡಿಗೆ ಬೋರ್ಡೆಲ್ಲ ಬೆವರಿತ್ತು, ತಂತಿ ಮೇಲೂ ಇಲ್ಲ ಕೆಳಗೂ ಇಲ್ಲ.

ಹಾಗಾಗಿ ಮೊದಲ ಕೆಲಸ: ಆ ತಂತಿಗೆ, ಅದನ್ನು ಮೇಲೆ ಹಿಡಿದಿಡುವ ಒಂದು ಪುಲ್-ಅಪ್ ರೆಸಿಸ್ಟರ್. “ಪ್ರೊಸೆಸರಿನ ಒಳಗೇ ಇದೆಯಲ್ಲ ಅಜ್ಜಾ” ಅನ್ನುತ್ತೀ. ಇದೆ, ಆದರೆ ಪ್ರೋಗ್ರಾಮ್ ಎದ್ದು ಅದನ್ನು ಹಾಕುವವರೆಗೆ ಅದು ಇಲ್ಲ. ರೀಸೆಟ್ಟಿನಲ್ಲಿ ಇರುವಾಗ ಪ್ರೊಸೆಸರಿನ ಕಾಲುಗಳು ಯಾವುದನ್ನೂ ಹಿಡಿದಿರುವುದಿಲ್ಲ, ಗಾಳಿಗೆ ಬಿಟ್ಟಿರುತ್ತವೆ. ಆ ಗಳಿಗೆಯಲ್ಲೇ ಸುಳ್ಳು ಏರಿಳಿತ ಹುಟ್ಟುವುದು. ನಿಜವಾದ 20 ಕಿಲೋಓಮ್ ರೆಸಿಸ್ಟರನ್ನು ಬೆಸುಗೆ ಹಾಕು. ಚಿಪ್‌ನ ಕರೆಂಟಿನ ಕಾಲಿಗೆ ಒತ್ತಿಕೊಂಡಂತೆ 0.1 ಮೈಕ್ರೊಫ್ಯಾರಡ್ಡೂ ಒಂದು ಇರಲಿ.

ಎರಡನೆಯದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು. ಚಿಪ್‌ಗೆ ಕರೆಂಟು ಕೊಡುವುದಾದರೆ ಸೊನ್ನೆಯಿಂದ ಶುರು ಮಾಡಿ ಒಂದೇ ಓಟದಲ್ಲಿ ಮೇಲಕ್ಕೆ ಕೊಡು. ನಡುವೆ ಎಲ್ಲೂ ತಂಗಬಾರದು. ಒಮ್ಮೆ ಕನಿಷ್ಠ ಮಟ್ಟಕ್ಕಿಂತ ಕೆಳಗೆ ಜಾರಿತೋ, ಹಾಗೇ ಮೇಲೆ ಎತ್ತಬೇಡ. ಪೂರ್ತಿ ಸೊನ್ನೆಗೆ ಇಳಿಸಿ ಆಮೇಲೆ ಎತ್ತು. ತಯಾರಕರ ಸಲಹೆಯೂ ಇದೇ. ಆದರೆ ಗೋಡೆಯ ಕರೆಂಟು ನಿನ್ನ ಮಾತು ಕೇಳುವುದಿಲ್ಲವಲ್ಲ? ಅದಕ್ಕೆ ಚಿಪ್‌ನ ಕರೆಂಟನ್ನು ನೇರ 5 ವೋಲ್ಟಿನಿಂದ ತೆಗೆಯಬೇಡ. ಬರೆಯುವಾಗಲೂ ಅದು ಎಳೆಯುವುದು ಹೆಚ್ಚೆಂದರೆ 5 ಮಿಲಿಆಂಪಿಯರ್, ಅಷ್ಟನ್ನು ಪ್ರೊಸೆಸರಿನ ಒಂದು ಕಾಲೇ ಕೊಡುತ್ತದೆ. ಪ್ರೊಸೆಸರ್ ಎದ್ದ ಕೂಡಲೇ ಮಾಡುವ ಮೊದಲ ಕೆಲಸ ಆ ಕಾಲನ್ನು ಕೆಳಗಿಳಿಸಿ ಚಿಪ್‌ನ ಕರೆಂಟು ಕಡಿಯುವುದು. ಜೊತೆಗೆ ಮಾತಿನ ತಂತಿಯನ್ನೂ ಕೆಳಗಿಳಿಸು, ಇದನ್ನು ಮರೆಯಬೇಡ. ಮುಂಬಾಗಿಲು ಮುಚ್ಚಿ ಹಿಂಬಾಗಿಲು ತೆರೆದಿಟ್ಟ ಹಾಗಾಗುತ್ತದೆ: ಮಾತಿನ ತಂತಿ ಮೇಲಿದ್ದರೆ ಅದರಿಂದಲೇ ಚಿಪ್‌ನ ಒಳಗಿನ ರಕ್ಷಣೆಯ ಡಯೋಡಿನ ಮೂಲಕ ಕರೆಂಟು ನುಸುಳಿ, ಚಿಪ್ ಸಾಯದೆ ಬದುಕದೆ ನೇತಾಡುತ್ತದೆ. ಪುಲ್-ಅಪ್ ರೆಸಿಸ್ಟರಿನ ಮೇಲಿನ ತುದಿಯೂ ಇದೇ ಕಾರಣಕ್ಕೆ ಚಿಪ್‌ನ ಕರೆಂಟಿಗೇ ಸೇರಬೇಕು, ನಿನ್ನ 5 ವೋಲ್ಟಿಗೆ ಅಲ್ಲ.

ಹಾಗೆ ಕಡಿದು 50 ಮಿಲಿಸೆಕೆಂಡ್ ಕಾಯಿ. ಅಷ್ಟು ಬೇಕಾಗಿಲ್ಲ, 0.1 ಮೈಕ್ರೊಫ್ಯಾರಡ್ ಖಾಲಿಯಾಗಲು 10 ಕಿಲೋಓಮಿನಲ್ಲೂ ಐದು ಮಿಲಿಸೆಕೆಂಡ್ ಸಾಕು. ಆದರೂ ಕಾಯಿ, ನಿನಗೇನು ಬಸ್ಸು ತಪ್ಪುವುದಿಲ್ಲ. ಆಮೇಲೆ ಕರೆಂಟು ಕೊಡು, ಒಂದೆರಡು ಮಿಲಿಸೆಕೆಂಡ್ ಬಿಡು, ಮಾತಿನ ತಂತಿಯನ್ನು ಕೆಳಗಿಂದ ಮೇಲಕ್ಕೆ ಏರಿಸು, ಒಂದು ಮಿಲಿಸೆಕೆಂಡ್ ಅಲುಗಿಸಬೇಡ. ಆಮೇಲೆ 55. ಇದನ್ನೆಲ್ಲ ಒಂದು ಫಂಕ್ಷನ್ ಮಾಡಿ ಇಡು. ಶುರುವಿಗೆ ಮಾತ್ರವಲ್ಲ, ಚಿಪ್ ಉತ್ತರ ಕೊಡದಾಗಲೆಲ್ಲ ಅದನ್ನೇ ಕರೆ. ಮೊಡೆಮ್ ಕೈಕೊಟ್ಟಾಗ ನಿನ್ನಪ್ಪ ಪ್ಲಗ್ ಕಿತ್ತು ಹತ್ತು ಎಣಿಸಿ ಹಾಕುತ್ತಾರಲ್ಲ, ಅದೇ ಇದು. ಆ ಹತ್ತು ಎಣಿಸುವುದು ಮೂಢನಂಬಿಕೆ ಅಂತ ನೀನು ನಕ್ಕಿದ್ದೆ. ಒಳಗಿನ ಕೆಪಾಸಿಟರ್ ಬರಿದಾಗಲು ಕೊಡುವ ಸಮಯ ಅದು.

ಇನ್ನು 85 ಡಿಗ್ರಿ. ಇದು ಲೋಕಪ್ರಸಿದ್ಧ ಸಂಖ್ಯೆ, ನಿನ್ನೊಬ್ಬಳ ಕತೆಯಲ್ಲ. ಡಿಎಸ್18ಬಿ20ಗೆ ಕರೆಂಟು ಬಂದ ಕೂಡಲೇ ಅದರ ಉತ್ತರದ ಜಾಗದಲ್ಲಿ 85 ಬರೆದಿರುತ್ತದೆ. ಅಳತೆ ಮುಗಿಸದೆ ಓದಿದರೆ ಅದನ್ನೇ ಕೊಡುತ್ತದೆ. 85 ಕಂಡರೆ ಬಿಸಿ ಅಂತ ಅರ್ಥ ಮಾಡಬೇಡ, “ನಡುವೆ ನನಗೆ ತಲೆ ತಿರುಗಿತ್ತು” ಅಂತ ಅದು ಹೇಳುತ್ತಿದೆ ಅಂತ ತಿಳಿ. ನೀನು ತಂತಿ ಉಳಿಸಲು ಅದಕ್ಕೆ ಕರೆಂಟಿನ ತಂತಿ ಎಳೆಯದೆ, ಮಾತಿನ ತಂತಿಯಿಂದಲೇ ಹೊಟ್ಟೆ ಹೊರೆದುಕೊ ಅಂತ ಬಿಟ್ಟಿದ್ದೀ. ಅದಕ್ಕೆ ಆ ಸಾಮರ್ಥ್ಯ ಇದೆ, ಸುಳ್ಳಲ್ಲ. ಆದರೆ ಅಳೆಯುವಾಗ ಅದು 1.5 ಮಿಲಿಆಂಪಿಯರ್‌ವರೆಗೆ ಕೇಳುತ್ತದೆ, ನಿನ್ನ 4.7 ಕಿಲೋಓಮಿನ ಮೂಲಕ ಅಷ್ಟು ಹರಿಯಬೇಕಾದರೆ ಆ ರೆಸಿಸ್ಟರಿನಲ್ಲೇ 7 ವೋಲ್ಟ್ ಇಳಿಯಬೇಕು. ನಿನ್ನಲ್ಲಿ ಇರುವುದೇ ಐದು! 12 ಬಿಟ್ ಅಳತೆಗೆ ಮುಕ್ಕಾಲು ಸೆಕೆಂಡ್ ಬೇಕು, ಅಷ್ಟೂ ಹೊತ್ತು ಒಂದು ಮಾಸ್‌ಫೆಟ್ಟಿನಿಂದ ತಂತಿಯನ್ನು ಗಟ್ಟಿಯಾಗಿ ಮೇಲೆ ಹಿಡಿಯಬೇಕು. ಅದರ ಬದಲು ಮೂರನೆಯ ತಂತಿ ಎಳೆ ಮಾರಾಯ್ತಿ. ಅಂಗಳದ ಬಾವಿಕಟ್ಟೆಯವರೆಗೆ ಎಷ್ಟು ಮೀಟರ್, ಎಷ್ಟು ರೂಪಾಯಿ? ಇಂಥ ಉಳಿತಾಯ ನಾನು ಮೆಚ್ಚುವುದಿಲ್ಲ. ಪೇಟೆಯಲ್ಲಿ ಸಿಗುವ ಅಗ್ಗದ ಡಿಎಸ್18ಬಿ20ಗಳಲ್ಲಿ ನಕಲಿ ತುಂಬ, ಅವುಗಳಲ್ಲಿ ಕೆಲವಕ್ಕೆ ಈ ತಂತಿ ಉಳಿಸುವ ಉಪಾಯ ಸರಿಯಾಗಿ ಬರುವುದೇ ಇಲ್ಲ.

65535 ಎಲ್ಲಿಂದ ಬಂತು ಅಂತ ನಿನಗೀಗ ಗೊತ್ತಾಗಿರಬೇಕು. ಯಾರೂ ಉತ್ತರ ಕೊಡದಾಗ, ಪ್ರೋಗ್ರಾಮ್ ಎದ್ದು ಹಾಕಿದ ಒಳಗಿನ ಪುಲ್-ಅಪ್ಪಿನಿಂದ ತಂತಿ ಮೇಲೆಯೇ ನಿಲ್ಲುತ್ತದೆ, ನಿನ್ನ ಪ್ರೋಗ್ರಾಮ್ ಅದನ್ನೇ ಒಂದು, ಒಂದು, ಒಂದು ಅಂತ ಹದಿನಾರು ಸಲ ಓದಿತು. ಖಾಲಿ ಮನೆಯ ಬಾಗಿಲು ತಟ್ಟಿ ನಮ್ಮದೇ ಮಾರ್ದನಿ ಕೇಳಿಸಿಕೊಂಡ ಹಾಗೆ. ಯುನಿ-ಓದಲ್ಲಿ ವಿಳಾಸ ಹೇಳಿದ ಮೇಲೆ, ಆಮೇಲೆ ಪ್ರತಿ ಬೈಟಿಗೂ, ಚಿಪ್ ಒಂದು “ಹೂಂ” ಅನ್ನುತ್ತದೆ. ಅದನ್ನು ನೀನು ಕೇಳಿಸಿಕೊಳ್ಳುವುದೇ ಇಲ್ಲ. ಕೇಳಿಸಿಕೊ. ಹೂಂ ಬರದಿದ್ದರೆ ಓದಿದ್ದನ್ನು ಎಸೆ. ಒನ್-ವೈರಿನಲ್ಲಿ ಇದರ ತದ್ವಿರುದ್ಧ ಮೋಸ ಒಂದುಂಟು. ತಂತಿ ನೆಲಕ್ಕೆ ತಾಗಿ ಕೂತರೆ ಎಲ್ಲ ಸೊನ್ನೆ ಬರುತ್ತದೆ. ಸಿಆರ್‌ಸಿ ಹಾಕಿ ತಾಳೆ ನೋಡಿದರೆ ಅದು ಸರಿಯೇ ಬರುತ್ತದೆ, ಯಾಕೆಂದರೆ ಎಲ್ಲ ಸೊನ್ನೆಯ ಸಿಆರ್‌ಸಿಯೂ ಸೊನ್ನೆ! ಹಾಗಾಗಿ ಮೊದಲ ಬೈಟಿನಲ್ಲಿ ಮನೆತನದ ಗುರುತು, ಡಿಎಸ್18ಬಿ20ಗೆ ಹೆಕ್ಸ್ 28, ಇದೆಯೋ ಅಂತ ನೋಡಿ ಆಮೇಲೆ ನಂಬು.

ಚಿಪ್ ಸುಟ್ಟಿತು ಅನ್ನುವ ಮಾತು ನಮ್ಮ ಕಸುಬಿನಲ್ಲಿ ತುಂಬ ಸುಲಭವಾಗಿ ಬಾಯಿಗೆ ಬರುತ್ತದೆ. ನನ್ನ ಬಾಯಿಗೂ ಬಂದದ್ದುಂಟು. ಕೆಲವು ಲ್ಯಾಪ್‌ಟಾಪುಗಳ ಚಾರ್ಜರಿನಲ್ಲಿ ನಡುವೆ ಸೂಜಿಯಂಥ ಪಿನ್ ಇರುತ್ತದಲ್ಲ, ಅದು ಕರೆಂಟಿಗಲ್ಲ. ಒಳಗೆ ಕೂತ ಒಂದೇ ತಂತಿಯ ಮೆಮೊರಿ ಚಿಪ್‌ನ ಮಾತಿಗೆ. “ನಾನು ಇಂಥ ಚಾರ್ಜರ್, ಇಷ್ಟು ವ್ಯಾಟ್” ಅಂತ ಅದು ಹೇಳಿದರೆ ಮಾತ್ರ ಲ್ಯಾಪ್‌ಟಾಪ್ ಬ್ಯಾಟರಿ ತುಂಬಿಸುತ್ತದೆ. ಅಂಥದೊಂದನ್ನು ಒಬ್ಬರು ತಂದಾಗ ಚಿಪ್ ಹೋಗಿದೆ ಅಂತ ತೀರ್ಪು ಕೊಟ್ಟು ಹೊಸ ಚಾರ್ಜರ್ ಕೊಳ್ಳಿಸಿದೆ. ಹಳೆಯದನ್ನು ಬಿಚ್ಚಿ ನೋಡಿದರೆ ಕುತ್ತಿಗೆಯ ಹತ್ತಿರ ಕೂದಲಿನಂಥ ತಂತಿ ತುಂಡಾಗಿತ್ತು, ಚಿಪ್ ಗುಂಡುಕಲ್ಲಿನ ಹಾಗಿತ್ತು. ಅವರ ದುಡ್ಡು ಹಿಂದೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಅದು ಇನ್ನೂ ಚುಚ್ಚುತ್ತದೆ.

ಬರೆಯುವ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅನುಮತಿ ತೆರೆ, ಬರೆ, ‘ಬರೆಯುತ್ತಿದ್ದೇನೆ’ ಅನ್ನುವ ಗುರುತು ಇಳಿಯುವವರೆಗೆ ಕೇಳುತ್ತಾ ಇರು, ತಿರುಗಿ ಓದಿ ತಾಳೆ ನೋಡು. ಲೆಕ್ಕವನ್ನು ಎರಡು ಜಾಗದಲ್ಲಿ ಸರದಿಯಲ್ಲಿ ಬರೆ, ಪ್ರತಿಯೊಂದರ ಜೊತೆ ಸರದಿಯ ಸಂಖ್ಯೆಯೂ ಒಂದು ತಾಳೆಯ ಬೈಟೂ ಇರಲಿ. ಒಂದು ಬರೆಯುವಾಗ ಕರೆಂಟು ಹೋದರೂ ಇನ್ನೊಂದು ಇರುತ್ತದೆ. ನಿನ್ನ ಚಿಪ್‌ನಲ್ಲಿ 128 ಬೈಟ್ ಜಾಗ ಉಂಟು, ಬಳಸುವುದು ಎರಡು. ಜಿಪುಣತನ ಬೇಡ. ಒಮ್ಮೆ ಸರಿಯಾಗಿ ಬರೆದರೆ ಇನ್ನೂರು ವರ್ಷ ಮರೆಯುವುದಿಲ್ಲ ಅಂತ ತಯಾರಕರು ಹೇಳುತ್ತಾರೆ. ನಮ್ಮ ದೇವಸ್ಥಾನದ ಲೋಕೇಶ್ವರನ ಪೀಠದ ಶಾಸನ ಕ್ರಿ.ಶ. 968ರದ್ದು, ಅದರ ಮುಂದೆ ಇನ್ನೂರು ಏನು ಮಹಾ ಅನ್ನಿಸಬಹುದು. ಆದರೆ ಆ ಅಕ್ಷರ ಕೆತ್ತುವಾಗ ನಡುವೆ ಕರೆಂಟು ಹೋಗುವ ಹೆದರಿಕೆ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಬಾ. 20 ಕಿಲೋಓಮಿನ ರೆಸಿಸ್ಟರಿಗೆ ಹಂಪನಕಟ್ಟೆಗೆ ಹೋಗಬೇಡ, ನನ್ನ ಡಬ್ಬದಲ್ಲಿ ಉಂಟು. ಬೆಸುಗೆ ನೀನೇ ಹಾಕಬೇಕು, ನನ್ನ ಕೈ ಈಗ ಸ್ವಲ್ಪ ನಡುಗುತ್ತದೆ. ಸ್ವಿಚ್ಚನ್ನು ನಾನು ಬೇಕೆಂದೇ ಐವತ್ತು ಸಲ ಮಿಟುಕಿಸುತ್ತೇನೆ, ಐವತ್ತೂ ಸಲ ಅದು ಸರಿಯಾದ ಲೆಕ್ಕದೊಂದಿಗೆ ಎದ್ದರೆ ಮಾತ್ರ ಕಾಲೇಜಿಗೆ ಒಯ್ಯಿ. ನಿನ್ನ 412ನ್ನು ಸದ್ಯಕ್ಕೆ ನನ್ನ ಹಳೆಯ ಡೈರಿಯಲ್ಲಿ ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.